ತುಟಿ ಮೊದಲು, ಮಾತು ಆಮೇಲೆ: ಸಿಂಕ್ ತೊಂದರೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟೀವಿ, ಸೌಂಡ್‌ಬಾರ್, ಕ್ಯಾಮೆರಾ, ಫೋನು ಎಲ್ಲಕ್ಕೂ ಕೈ ಹಾಕುವವನು ನಾನು ಅಂತ ಗೊತ್ತಾದ ಮೇಲೆ ಮುಂಬಯಿಯ ಮಾಟುಂಗದಿಂದ ಡೊಂಬಿವಲಿವರೆಗೆ ಪರಿಚಯದ ಕನ್ನಡದವರೆಲ್ಲ ಸಿಂಕ್ ಬಗ್ಗೆ, ಅಂದರೆ ಒಟ್ಟಿಗೆ ನಡೆಯಬೇಕಾದ ಎರಡು ಒಂದೇ ಹೊತ್ತಿಗೆ ನಡೆಯದ ಬಗ್ಗೆ, ಸುಮಾರಾಗಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಹೋಟೆಲಿನವರು, ಬ್ಯಾಂಕಿನವರು, ಭಜನಾ ಮಂಡಳಿಯವರು, ಯಕ್ಷಗಾನ ರೆಕಾರ್ಡ್ ಮಾಡುವ ಹುಡುಗರು. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಬೇಕಾದ ಪ್ರಶ್ನೆಗೆ ನೇರ ಹೋಗಿ, ಆದರೆ ಮೊದಲನೆಯದನ್ನು ಮಾತ್ರ ಬಿಡಬೇಡಿ.

ಸೌಂಡೂ ಚಿತ್ರವೂ ಹೊಂದುತ್ತಿಲ್ಲ. ಮೊದಲು ಯಾವ ಸೆಟ್ಟಿಂಗ್ ಒತ್ತಲಿ?

ಯಾವುದನ್ನೂ ಒತ್ತಬೇಡಿ. ಮೊದಲು ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ. ಅಂತರ ಒಂದೇ ಸಮ ಇದೆಯಾ? ಬರಬರುತ್ತಾ ಬೆಳೆಯುತ್ತಿದೆಯಾ? ಅಥವಾ ಒಮ್ಮೆ ಸರಿ ಇದ್ದು ಒಮ್ಮೆ ತಪ್ಪುತ್ತಿದೆಯಾ?

ಒಂದೇ ಸಮ ಇದ್ದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ತಡ ಆಗುತ್ತಿದೆ ಅಂತ ಅರ್ಥ. ಅದನ್ನು ಡಿಲೇ ಸೆಟ್ಟಿಂಗಿನಿಂದ ಸರಿ ಮಾಡಬಹುದು. ಬೆಳೆಯುತ್ತಾ ಹೋದರೆ ಎರಡು ಗಡಿಯಾರಗಳು ಬೇರೆ ಬೇರೆ ವೇಗದಲ್ಲಿ ಓಡುತ್ತಿವೆ, ಇಲ್ಲಿ ಡಿಲೇ ಸೆಟ್ಟಿಂಗ್ ಎಷ್ಟು ತಿರುಗಿಸಿದರೂ ಹತ್ತು ನಿಮಿಷಕ್ಕೆ ಮತ್ತೆ ಅದೇ ಗೋಳು. ಕುಣಿಯುತ್ತಿದ್ದರೆ ತೊಂದರೆ ಇರುವುದು ಡೇಟಾ ಬರುವ ದಾರಿಯಲ್ಲಿ: ವೈಫೈ, ಸಿಗ್ನಲ್, ಲೂಸ್ ಕೇಬಲ್, ಇಂಥದ್ದು. ಈ ಮೂರನ್ನು ಬೇರೆ ಮಾಡಿ ನೋಡದೆ ಬಟನ್ ಒತ್ತುವುದರಿಂದಲೇ ಅರ್ಧ ತಲೆನೋವು ಹುಟ್ಟುವುದು. ಮುಂದಿನ ಉತ್ತರಗಳಲ್ಲೆಲ್ಲ ಇದೇ ವಿಂಗಡಣೆ ತಿರುಗಿ ಬರುತ್ತದೆ.

ಬ್ಲೂಟೂತ್ ಸ್ಪೀಕರ್ ಹಾಕಿದ ಮೇಲೆ ಟೀವಿಯಲ್ಲಿ ಮಾತು ತಡವಾಗಿ ಬರುತ್ತದೆ. ಸ್ಪೀಕರ್ ಕೆಟ್ಟಿದೆಯಾ?

ಇಲ್ಲ ಮಾರಾಯ್ರೆ. ಬ್ಲೂಟೂತ್ ಇರುವುದೇ ಹಾಗೆ. ಟೀವಿ ಸೌಂಡನ್ನು ಕುಗ್ಗಿಸಿ, ಪ್ಯಾಕೆಟ್ ಮಾಡಿ ಕಳಿಸುತ್ತದೆ, ಸ್ಪೀಕರ್ ಅದನ್ನು ಸ್ವಲ್ಪ ಕೂಡಿಟ್ಟುಕೊಂಡು ಬಿಚ್ಚಿ ನುಡಿಸುತ್ತದೆ. ಎಲ್ಲ ಕಡೆ ಇರುವ ಎಸ್‌ಬಿಸಿ ಕೋಡೆಕ್‌ನಲ್ಲಿ (ಕೋಡೆಕ್ ಅಂದರೆ ಸೌಂಡ್ ಕುಗ್ಗಿಸಿ ಬಿಚ್ಚುವ ವಿಧಾನ) ಈ ತಡ ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಇದ್ದರೆ 40ರ ಆಸುಪಾಸು, ಆದರೆ ಅದು ಟೀವಿಯಲ್ಲೂ ಸ್ಪೀಕರಿನಲ್ಲೂ ಎರಡೂ ಕಡೆ ಇರಬೇಕು. ಒಂದೇ ಕಡೆ ಇದ್ದು ಪ್ರಯೋಜನ ಇಲ್ಲ, ಅಂಗಡಿಯವರು ಇದನ್ನು ಹೇಳುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ತಡವಾದ ಸೌಂಡನ್ನು ಮುಂದಕ್ಕೆ ಎಳೆಯಲು ಯಾವ ಬಟನ್ನೂ ಇಲ್ಲ, ಬರದೇ ಇರುವ ಸೌಂಡನ್ನು ನುಡಿಸುವುದು ಹೇಗೆ? ಚಿತ್ರವನ್ನು ತಡ ಮಾಡಬೇಕು. ಫೋನಿನಲ್ಲಿ ವಿಡಿಯೋ ನೋಡುವಾಗ ಅದೇ ನಡೆಯುವುದು. ಹೆಡ್‌ಫೋನ್ ತನ್ನ ತಡ ಎಷ್ಟು ಅಂತ ಫೋನಿಗೆ ತಿಳಿಸುತ್ತದೆ, ಫೋನು ಚಿತ್ರವನ್ನು ಅಷ್ಟು ಹಿಡಿದಿಡುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಗೇಮ್ ಆಡುವಾಗ ಮಾತ್ರ ಬಂಡವಾಳ ಬಯಲಾಗುತ್ತದೆ, ಯಾಕೆಂದರೆ ನೀವು ಯಾವಾಗ ಗುಂಡು ಹಾರಿಸುತ್ತೀರಿ ಅಂತ ಫೋನಿಗೆ ಮೊದಲೇ ಗೊತ್ತಿರುವುದಿಲ್ಲವಲ್ಲ.

ಟೀವಿಗೆ ಆದರೆ ನನ್ನ ಉತ್ತರ ಒಂದೇ: ತಂತಿ ಹಾಕಿ. ಎಚ್‌ಡಿಎಂಐ ಎಆರ್‌ಸಿ (ಟೀವಿಯ ಸೌಂಡನ್ನು ಎಚ್‌ಡಿಎಂಐ ಕೇಬಲ್ಲಿನಲ್ಲೇ ಸ್ಪೀಕರಿಗೆ ಕಳಿಸುವ ಸಾಕೆಟ್) ಅಥವಾ ಆಪ್ಟಿಕಲ್ ಕೇಬಲ್. ಟೀವಿಯಲ್ಲಿ ಅದರ ಹೊಸ ರೂಪ ಇ-ಎಆರ್‌ಸಿ ಇದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಲಿಪ್ ಸಿಂಕ್ ತಾನಾಗಿ ಹೊಂದಿಸುವ ವ್ಯವಸ್ಥೆ ಇದೆ. ಈ ವ್ಯವಸ್ಥೆ ಎಚ್‌ಡಿಎಂಐಗೆ ಬಂದದ್ದು 2006ರ 1.3ನೇ ಆವೃತ್ತಿಯಲ್ಲಿ, ಆದರೆ ಎರಡೂ ಉಪಕರಣ ಅದನ್ನು ಪಾಲಿಸಿದರೆ ಮಾತ್ರ ಲಾಭ.

ನಮ್ಮದು ಉಲ್ಟಾ. ಮಾತು ಮೊದಲು ಕೇಳುತ್ತದೆ, ತುಟಿ ಆಮೇಲೆ ಅಲ್ಲಾಡುತ್ತದೆ.

ಸೆಟ್‌ಟಾಪ್ ಬಾಕ್ಸಿನ ಸೌಂಡನ್ನು ನೇರ ಆಂಪ್ಲಿಫೈಯರಿಗೆ ಕೊಟ್ಟಿದ್ದೀರಿ, ಅಲ್ವಾ? ಹಾಗಿದ್ದರೆ ಕಾರಣ ಟೀವಿ. ಈಗಿನ ಟೀವಿಗಳು ಚಿತ್ರವನ್ನು ನುಣ್ಣಗೆ ಮಾಡಲು, ದೊಡ್ಡದು ಮಾಡಲು, ಬಣ್ಣ ತಿದ್ದಲು ಹತ್ತಾರು ಮಿಲಿಸೆಕೆಂಡ್ ತಿನ್ನುತ್ತವೆ, ಕೆಲವು ನೂರನ್ನೂ ದಾಟುತ್ತವೆ. ತಮ್ಮದೇ ಸ್ಪೀಕರ್ ಆದರೆ ಸೌಂಡನ್ನೂ ಅಷ್ಟೇ ಹಿಡಿದಿಟ್ಟು ಬಿಡುತ್ತವೆ. ನಿಮ್ಮ ಆಂಪ್ಲಿಫೈಯರಿಗೆ ಅದೆಲ್ಲ ಏನು ಗೊತ್ತು?

ಇದಕ್ಕೆ ಎರಡು ದಾರಿ. ಆಂಪ್ಲಿಫೈಯರಿನಲ್ಲಿ ಆಡಿಯೋ ಡಿಲೇ ಹೆಚ್ಚಿಸಿ, ಇಲ್ಲವೇ ಟೀವಿಯಲ್ಲಿ ಗೇಮ್ ಮೋಡ್ ಹಾಕಿ ಚಿತ್ರದ ತಡ ಕಡಿಮೆ ಮಾಡಿ. ಗೇಮ್ ಮೋಡ್ ಎಲ್ಲದಕ್ಕೂ ಮದ್ದು ಅಂತ ಹೇಳುವವರಿದ್ದಾರೆ. ಹಿಂದಿನ ಪ್ರಶ್ನೆಯ ಬ್ಲೂಟೂತ್ ಕೇಸಿನಲ್ಲಿ ಅದನ್ನು ಹಾಕಿದರೆ ಚಿತ್ರ ಇನ್ನೂ ಬೇಗ ಬಂದು ಅಂತರ ಜಾಸ್ತಿ ಆಗುತ್ತದೆ.

ಸೌಂಡ್ ಸ್ವಲ್ಪ ತಡವಾದರೆ ಗೊತ್ತಾಗುವುದಿಲ್ಲ, ಮುಂಚೆ ಬಂದರೆ ತಕ್ಷಣ ಕಿರಿಕಿರಿ. ಯಾಕೆ?

ಹುಟ್ಟಿದಾಗಿನಿಂದ ನಮಗೆ ತಡವಾದ ಸೌಂಡೇ ಅಭ್ಯಾಸ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ ಮೀಟರಿಗೆ ಹತ್ತಿರಹತ್ತಿರ 3 ಮಿಲಿಸೆಕೆಂಡ್. ಆಜಾದ್ ಮೈದಾನದ ಅಂಚಿನಲ್ಲಿ ನಿಂತು ಕ್ರಿಕೆಟ್ ನೋಡಿ, ಬ್ಯಾಟು ಚೆಂಡಿಗೆ ತಾಗಿದ್ದು ಮೊದಲು ಕಾಣುತ್ತದೆ, ಟಕ್ ಅಂತ ಕೇಳುವುದು ಆಮೇಲೆ. ಕಾಣುವ ಮೊದಲೇ ಕೇಳುವುದು ಪ್ರಕೃತಿಯಲ್ಲಿ ಇಲ್ಲ, ಅದಕ್ಕೇ ಮೆದುಳು ತಕರಾರು ತೆಗೆಯುತ್ತದೆ. ದೂರಸಂಪರ್ಕದ ಅಂತರರಾಷ್ಟ್ರೀಯ ಸಂಸ್ಥೆ ಐಟಿಯು 1998ರಲ್ಲಿ ಪ್ರಸಾರದವರಿಗೆ ಕೊಟ್ಟ ಶಿಫಾರಸಿನಲ್ಲೂ ಇದೇ ಕಾಣುತ್ತದೆ: ಸೌಂಡ್ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೇ ಜನ ಗುರುತಿಸುತ್ತಾರೆ, ಹಿಂದೆ ಬಿದ್ದರೆ 125ರವರೆಗೂ ಗೊತ್ತಾಗುವುದಿಲ್ಲ.

ಹಾಗಾಗಿ ಕೈಯಲ್ಲಿ ಹೊಂದಿಸುವಾಗ ಕರಾರುವಾಕ್ಕು ಬೇಡ. ಸೌಂಡನ್ನು ಕೂದಲೆಳೆಯಷ್ಟು ಹಿಂದೆಯೇ ಬಿಡಿ.

ಹೋಟೆಲಿನಲ್ಲಿ ಎರಡು ಟೀವಿ ಇದೆ. ಎರಡರಲ್ಲೂ ಒಂದೇ ಮ್ಯಾಚ್, ಆದರೆ ಒಂದರಲ್ಲಿ ವಿಕೆಟ್ ಬಿದ್ದ ಮೇಲೆ ಇನ್ನೊಂದರಲ್ಲಿ ಬೌಲರ್ ಓಡಿ ಬರುತ್ತಾನೆ. ಗಿರಾಕಿಗಳು ನಗುತ್ತಾರೆ.

ಒಂದು ಡಿಶ್, ಇನ್ನೊಂದು ಇಂಟರ್ನೆಟ್ ಸ್ಟಿಕ್ ಆಗಿದ್ದರೆ ಅವು ಯಾವತ್ತೂ ಹೊಂದುವುದಿಲ್ಲ. ಉಪಗ್ರಹ 35,786 ಕಿಲೋಮೀಟರ್ ಮೇಲಿದ್ದರೂ ಸಿಗ್ನಲ್ ಹತ್ತಿ ಇಳಿಯಲು ಬೇಕಾಗುವುದು ಕಾಲು ಸೆಕೆಂಡ್ ಅಷ್ಟೇ. ನಿಜವಾದ ತಡ ಇರುವುದು ನೆಲದ ಮೇಲೆ. ಇಂಟರ್ನೆಟ್ಟಿನಲ್ಲಿ ಮ್ಯಾಚನ್ನು ತುಂಡು ತುಂಡು ಮಾಡಿ ಕಳಿಸುತ್ತಾರೆ, ತುಂಡು 6 ಸೆಕೆಂಡಿನದು ಅಂತಿಟ್ಟುಕೊಳ್ಳಿ. ತುಂಡು ಪೂರ್ತಿ ತಯಾರಾಗದೆ ಹೊರಗೆ ಬರುವುದಿಲ್ಲ, ಪ್ಲೇಯರ್ ಸುಮಾರು ಮೂರು ತುಂಡು ಹಿಂದಿನಿಂದ ಶುರು ಮಾಡುತ್ತದೆ. ಅಲ್ಲಿಗೇ 18 ಸೆಕೆಂಡ್ ಹೋಯಿತು. ಬಿಲ್ಡಿಂಗಿನಲ್ಲಿ ಪಕ್ಕದ ಮನೆಯವರು ಸಿಕ್ಸರ್ ಅಂತ ಕೂಗಿದ ಮೇಲೆ ನಿಮ್ಮ ಫೋನಿನಲ್ಲಿ ಚೆಂಡು ಎಸೆಯುವುದು ಇದೇ ಕಾರಣಕ್ಕೆ. ಆ ಖುಷಿ ಹಾಳಾಗುವುದಕ್ಕೆ ಪರಿಹಾರ ಕಿಟಕಿ ಮುಚ್ಚುವುದು, ಬೇರೆ ಇಲ್ಲ.

ಎರಡೂ ಡಿಶ್ ಆದರೂ ಒಂದು ಎಚ್‌ಡಿ ಚಾನೆಲ್, ಒಂದು ಮಾಮೂಲಿ ಚಾನೆಲ್ ಆಗಿದ್ದರೆ ವ್ಯತ್ಯಾಸ ಬರುತ್ತದೆ, ಅವುಗಳನ್ನು ಬೇರೆ ಬೇರೆಯಾಗಿ ಎನ್‌ಕೋಡ್ ಮಾಡಿರುತ್ತಾರೆ. ಹೋಟೆಲಿನವರಿಗೆ ನಾನು ಹೇಳುವುದು: ಒಂದೇ ಬಾಕ್ಸ್, ಅದಕ್ಕೊಂದು ಎಚ್‌ಡಿಎಂಐ ಸ್ಪ್ಲಿಟರ್, ಎರಡು ಕೇಬಲ್. ಸೌಂಡ್ ಒಂದೇ ಟೀವಿಯಿಂದ ಬರಲಿ. ಮತ್ತೆ ಎರಡು ಟೀವಿಯ ಪಿಕ್ಚರ್ ಮೋಡ್ ಒಂದೇ ಇಡಿ.

ಬಾಕ್ಸ್ ಆಫ್ ಮಾಡಿ ಆನ್ ಮಾಡಿದರೆ ಸರಿ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ತಪ್ಪುತ್ತದೆ. ಇದೇನು?

ಇದು ಬೆಳೆಯುವ ಜಾತಿಯದ್ದು. ಸ್ವಲ್ಪ ಉದ್ದ ಹೇಳಬೇಕು.

ಡಿಜಿಟಲ್ ಪ್ರಸಾರದಲ್ಲಿ ಸೌಂಡೂ ಚಿತ್ರವೂ ಬೇರೆ ಬೇರೆ ಪ್ಯಾಕೆಟ್‌ಗಳಲ್ಲಿ ಬರುತ್ತವೆ, ಒಂದೊಂದು ಪ್ಯಾಕೆಟ್ 188 ಬೈಟ್. ಪ್ರತಿ ಚಿತ್ರದ ಮೇಲೆ, ಪ್ರತಿ ಸೌಂಡ್ ತುಂಡಿನ ಮೇಲೆ "ಇದನ್ನು ಇಂಥ ಹೊತ್ತಿಗೆ ತೋರಿಸು" ಅಂತ ಒಂದು ಮೊಹರು. ಮೊಹರು ಇದ್ದು ಏನಾಯಿತು, ಹೊತ್ತು ಯಾವ ಗಡಿಯಾರದ್ದು? ಅದಕ್ಕೇ ಕಳಿಸುವವರು ತಮ್ಮ 27 ಮೆಗಾಹರ್ಟ್ಸ್ ಗಡಿಯಾರದ ಲೆಕ್ಕವನ್ನು 100 ಮಿಲಿಸೆಕೆಂಡಿಗೆ ಒಂದು ಸಲವಾದರೂ ಜೊತೆಗೆ ಕಳಿಸುತ್ತಾರೆ. ಬಾಕ್ಸ್ ತನ್ನ ಗಡಿಯಾರವನ್ನು ಅದಕ್ಕೆ ತಕ್ಕಂತೆ ತುಸು ಬೇಗ, ತುಸು ನಿಧಾನ ಮಾಡಿಕೊಳ್ಳುತ್ತಾ ಇರಬೇಕು.

ಮುಂಬಯಿಯವರಿಗೆ ಇದನ್ನು ಹೇಳುವುದು ಸುಲಭ. ಬಿಲ್ಡಿಂಗಿನ ಮೇಲೆ ಟಾಂಕಿ ಇದೆ, ಪಾಲಿಕೆ ನೀರು ಬೆಳಿಗ್ಗೆ ಒಂದಿಷ್ಟು ಹೊತ್ತು ಬರುತ್ತದೆ, ನೀವು ದಿನವಿಡೀ ಬಳಸುತ್ತೀರಿ. ಬರುವುದು ಏರುಪೇರಾದರೂ ನಲ್ಲಿಗೆ ಗೊತ್ತಾಗುವುದಿಲ್ಲ. ಬಾಕ್ಸಿನೊಳಗೆ ಬಂದ ಡೇಟಾ ಕೂಡಿಡುವ ಬಫರ್ ಇಂಥದ್ದೇ ಟಾಂಕಿ. ಆದರೆ ಬರುವುದಕ್ಕಿಂತ ಬಳಸುವುದು ದಿನವೂ ಒಂದು ಚೊಂಬು ಜಾಸ್ತಿ ಆದರೆ ಒಂದಲ್ಲ ಒಂದು ದಿನ ಟಾಂಕಿ ಬರಿದಾಗಲೇಬೇಕು, ಕಡಿಮೆ ಆದರೆ ತುಂಬಿ ಚೆಲ್ಲಲೇಬೇಕು. ಟಾಂಕಿ ದೊಡ್ಡದು ಮಾಡಿದರೆ ಆ ದಿನ ಮುಂದೆ ಹೋಗುತ್ತದೆ, ತಪ್ಪುವುದಿಲ್ಲ.

ನಿಯಮದ ಪ್ರಕಾರ ಆ 27 ಮೆಗಾಹರ್ಟ್ಸ್ ಗಡಿಯಾರ ಹೆಚ್ಚೆಂದರೆ 810 ಹರ್ಟ್ಸ್ ಆಚೀಚೆ ಇರಬಹುದು, ಅಂದರೆ ಹತ್ತು ಲಕ್ಷಕ್ಕೆ 30. ಕೇಳಲು ಏನೂ ಅಲ್ಲ. ಆದರೆ ಬಾಕ್ಸ್ ಕಳಿಸುವವರನ್ನು ಅನುಸರಿಸದೆ ತನ್ನ ಪಾಡಿಗೆ ಅಷ್ಟು ತಪ್ಪಿ ಓಡಿದರೆ ದಿನಕ್ಕೆ ಎರಡೂವರೆ ಸೆಕೆಂಡ್ ವ್ಯತ್ಯಾಸ. ರೀಸ್ಟಾರ್ಟ್ ಮಾಡಿದಾಗ ಬಫರ್ ಖಾಲಿ ಆಗಿ ಲೆಕ್ಕ ಹೊಸದಾಗಿ ಶುರು ಆಗುತ್ತದೆ, ರೋಗ ಹಾಗೇ ಇರುತ್ತದೆ. ಮೊದಲು ಬೇರೆ ಚಾನೆಲ್ ನೋಡಿ. ಒಂದೇ ಚಾನೆಲ್ಲಿನಲ್ಲಿ ಆದರೆ ತಪ್ಪು ಕಳಿಸುವವರ ಕಡೆ, ನೀವು ಕಾಯಬೇಕಷ್ಟೇ. ಎಲ್ಲದರಲ್ಲೂ ಆದರೆ ಬಾಕ್ಸಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಆಗಲೂ ಹೋಗದಿದ್ದರೆ ಬಾಕ್ಸ್ ಬದಲಿಸಲು ಕೇಳಿ.

ಮಳೆಗಾಲದಲ್ಲಿ ಡಿಶ್ ಚಿತ್ರ ಚೌಕ ಚೌಕ ಆಗಿ ನಿಲ್ಲುತ್ತದೆ. ಇದೂ ಸಿಂಕ್ ತೊಂದರೆಯಾ?

ಶುರುವಾಗುವುದು ಮಳೆಯಿಂದ, ಮುಗಿಯುವುದು ಸಿಂಕ್ ಕಳೆದುಕೊಂಡು. ನಮ್ಮ ಮನೆ ಡಿಶ್‌ಗಳು ಕೆಯು ಬ್ಯಾಂಡ್ ಎಂಬ ಫ್ರೀಕ್ವೆನ್ಸಿ ಸಾಲಿನಲ್ಲಿ ಕೆಲಸ ಮಾಡುತ್ತವೆ. ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಹತ್ತಿರ, ಜುಲೈ ತಿಂಗಳ ದಪ್ಪ ಹನಿಗಳು ಅದನ್ನು ಹೀರಿ ಚೆದುರಿಸುತ್ತವೆ. ಸ್ವಲ್ಪ ಮಟ್ಟಿಗೆ ತಪ್ಪು ತಿದ್ದುವ ಕೋಡ್ ಕಾಪಾಡುತ್ತದೆ, ಮಿತಿ ದಾಟಿದರೆ ಒಮ್ಮೆಲೇ ಎಲ್ಲ ಹೋಗುತ್ತದೆ.

ಮಳೆ ಕಡಿಮೆಯಾದರೂ ಚಿತ್ರ ತಕ್ಷಣ ಬರುವುದಿಲ್ಲ, ನೋಡಿದ್ದೀರಾ? ಬಾಕ್ಸ್ ಮೊದಲು ಅಲೆಯ ಫ್ರೀಕ್ವೆನ್ಸಿ ಹಿಡಿಯಬೇಕು, ಆಮೇಲೆ ಒಂದೊಂದು ಸಿಂಬಲ್ (ಕೆಲವು ಬಿಟ್ ಹೊತ್ತು ತರುವ ಅಲೆಯ ತುಣುಕು) ಎಲ್ಲಿ ಶುರು ಎಲ್ಲಿ ಕೊನೆ ಅಂತ ಹಿಡಿಯಬೇಕು, ಆಮೇಲೆ ಡೇಟಾ ಕಟ್ಟಿನ ತಲೆ ಹುಡುಕಬೇಕು, ಅದೂ ಸಿಕ್ಕ ಮೇಲೆ ಪೂರ್ತಿ ಚಿತ್ರ ಬರುವವರೆಗೆ ಕಾಯಬೇಕು, ಯಾಕೆಂದರೆ ಪ್ರಸಾರದಲ್ಲಿ ಹೆಚ್ಚಿನವು ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತು ಅನ್ನುವುದನ್ನು ಮಾತ್ರ ಹೇಳುವ ಅರೆಬರೆ ಚಿತ್ರಗಳು.

ಹಳಬರಿಗೆ ನೆನಪಿರಬಹುದು, 1972ರಲ್ಲಿ ಬೊಂಬಾಯಿಗೆ ಟೀವಿ ಬಂದ ಕಾಲದ ಸೆಟ್ಟುಗಳಲ್ಲಿ ಚಿತ್ರ ಮೇಲಿಂದ ಕೆಳಗೆ ಉರುಳುತ್ತಿತ್ತು. ಹಿಂದಿನ ವರ್ಟಿಕಲ್ ಹೋಲ್ಡ್ ಗುಬ್ಬಿ ತಿರುಗಿಸಿದರೆ ನಿಲ್ಲುತ್ತಿತ್ತು. ಅದೂ ಸಿಂಕೇ. ಸೆಕೆಂಡಿಗೆ 50 ಸಲ ತೆರೆಯ ಮೇಲಿಂದ ಕೆಳಗೆ ಗೆರೆ ಎಳೆದು ಮುಗಿಸುವ ಕೆಲಸದಲ್ಲಿ ಸ್ಟೇಷನ್ನಿನ ಜೊತೆ ಹೆಜ್ಜೆ ತಪ್ಪುತ್ತಿತ್ತು. ಆಗ ಕೈಯಲ್ಲಿ ಗುಬ್ಬಿ ಇತ್ತು, ಈಗ ಅದೂ ಇಲ್ಲ.

ಬರುವುದು ಬರೀ ಸೊನ್ನೆ, ಒಂದು. ಎಲ್ಲಿ ಒಂದು ಬಿಟ್ ಮುಗಿದು ಇನ್ನೊಂದು ಶುರುವಾಯಿತು ಅಂತ ಹೇಗೆ ಗೊತ್ತಾಗುತ್ತದೆ?

ಒಳ್ಳೆಯ ಪ್ರಶ್ನೆ, ಪುಣೆಯಲ್ಲಿ ಇಂಜಿನಿಯರಿಂಗ್ ಓದುವ ಬೆಳಗಾವಿಯ ಹುಡುಗ ಕೇಳಿದ್ದು. ಗಡಿಯಾರಕ್ಕೆ ಬೇರೆ ತಂತಿ ಇಲ್ಲದಿದ್ದರೆ ಸಿಗ್ನಲ್ ಮೇಲೆ ಕೆಳಗೆ ಆಗುವ ಅಂಚುಗಳನ್ನೇ ನೋಡಿ ಲೆಕ್ಕ ಸರಿಮಾಡಿಕೊಳ್ಳಬೇಕು. ತೊಂದರೆ ಏನೆಂದರೆ ಒಂದೇ ಬಗೆಯ ಬಿಟ್ ಸಾಲಾಗಿ ಬಂದರೆ ಅಂಚೇ ಇರುವುದಿಲ್ಲ. ನೂರು ಸೊನ್ನೆಯೋ ನೂರಾಒಂದು ಸೊನ್ನೆಯೋ ಯಾರಿಗೆ ಗೊತ್ತು?

ಅದಕ್ಕೆ ಬೇಕೆಂದೇ ಅಂಚು ಸೇರಿಸುತ್ತಾರೆ. ಯುಎಸ್‌ಬಿ 2.0ರಲ್ಲಿ ಆರು 1 ಸಾಲಾಗಿ ಬಂದರೆ ಕಳಿಸುವ ಕಡೆ ಒಂದು 0 ತುರುಕುತ್ತದೆ, ತೆಗೆದುಕೊಳ್ಳುವ ಕಡೆ ಅದನ್ನು ಎತ್ತಿ ಬಿಸಾಡುತ್ತದೆ. ಹಳೆಯ ಸೀರಿಯಲ್ ಪೋರ್ಟಿನಲ್ಲಿ ಪ್ರತಿ ಅಕ್ಷರದ ಮೊದಲು ಒಂದು ಸ್ಟಾರ್ಟ್ ಬಿಟ್, ಅಲ್ಲಿಂದ ಲೆಕ್ಕ ಹೊಸದು. ಹತ್ತೇ ಬಿಟ್‌ಗೆ ಲೆಕ್ಕ ಮತ್ತೆ ಶುರುವಾಗುವುದರಿಂದ ಎರಡು ಕಡೆಯ ವೇಗ ನೂರಕ್ಕೆ ಒಂದೆರಡು ಪಾಲು ತಪ್ಪಿದರೂ ನಡೆಯುತ್ತದೆ. ಮೇಲೆ ಹೇಳಿದ 188 ಬೈಟ್ ಪ್ಯಾಕೆಟ್ಟಿನ ತಲೆಯಲ್ಲಿ ಯಾವಾಗಲೂ 47 ಎಂಬ ಒಂದೇ ಹೆಕ್ಸ್ (ಹದಿನಾರರ ಲೆಕ್ಕದ) ಬೈಟ್ ಇರುತ್ತದೆ. ಆ ಬೈಟ್ ನಡುವೆಯೂ ಆಕಸ್ಮಿಕವಾಗಿ ಬರಬಹುದು, ಆದ್ದರಿಂದ ಒಂದು ಸಿಕ್ಕಿದರೆ ಸಾಲದು. 188ಕ್ಕೊಂದರಂತೆ ಕೆಲವು ಸಲ ಸರಿಯಾಗಿ ಸಿಕ್ಕಿದ ಮೇಲೇ ಬಾಕ್ಸ್ ನಂಬುವುದು.

ಗೋಡೆ ಗಡಿಯಾರ, ಕೈಗಡಿಯಾರ ಎರಡೂ ಕ್ವಾರ್ಟ್ಜ್. ಆದರೂ ತಿಂಗಳಿಗೆ ಒಂದು ನಿಮಿಷ ವ್ಯತ್ಯಾಸ ಯಾಕೆ?

ಒಳಗಿನ ಹರಳು ಸೆಕೆಂಡಿಗೆ 32,768 ಸಲ ಅದುರಬೇಕು. ಈ ಸಂಖ್ಯೆಯನ್ನು ಹದಿನೈದು ಸಲ ಎರಡರಿಂದ ಭಾಗಿಸಿದರೆ ಸರಿಯಾಗಿ 1 ಬರುತ್ತದೆ, ಅದಕ್ಕೇ ಆರಿಸಿದ್ದು. ಅಗ್ಗದ ಹರಳು ಹತ್ತು ಲಕ್ಷಕ್ಕೆ 20 ಆಚೀಚೆ ಇರುವುದು ಮಾಮೂಲಿ, ಅದರ ಲೆಕ್ಕ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ 50ರ ಮೇಲೆ.

ಇನ್ನೊಂದು ತಮಾಷೆ ಇದೆ. ಈ ಹರಳು 25 ಡಿಗ್ರಿಯಲ್ಲಿ ಅತಿ ವೇಗ. ಅದಕ್ಕಿಂತ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಮೇ ತಿಂಗಳಲ್ಲಿ ಅಡುಗೆಮನೆ ಗಡಿಯಾರ 35 ಡಿಗ್ರಿಯಲ್ಲಿದ್ದರೆ ದಿನಕ್ಕೆ ಸುಮಾರು 0.3 ಸೆಕೆಂಡ್ ಕಳೆದುಕೊಳ್ಳುತ್ತದೆ. ಕೈಗಡಿಯಾರ ಮೈಗೆ ಅಂಟಿಕೊಂಡು ಹೆಚ್ಚು ಏರುಪೇರು ಕಾಣದೆ ಇರುತ್ತದೆ, ಆದ್ದರಿಂದ ಎರಡರಲ್ಲಿ ಅದನ್ನೇ ನಂಬಿ.

ಓವನ್ ಗಡಿಯಾರದಲ್ಲಿ ಹರಳೇ ಇಲ್ಲ ಅಂತಾರೆ, ಹೌದಾ?

ಕೆಲವು ಓವನ್, ಟೈಮರುಗಳು ಮನೆ ಕರೆಂಟನ್ನೇ ಎಣಿಸುತ್ತವೆ. 50 ಸುತ್ತು ಎಣಿಸಿದರೆ ಒಂದು ಸೆಕೆಂಡ್. ಗ್ರಿಡ್ ದಿನವಿಡೀ 50ರ ಬದಲು 49.9 ಹರ್ಟ್ಸ್‌ನಲ್ಲಿ ಓಡಿದರೆ ಗಡಿಯಾರ ದಿನಕ್ಕೆ ಹತ್ತಿರಹತ್ತಿರ ಮೂರು ನಿಮಿಷ ಹಿಂದೆ. 2018ರಲ್ಲಿ ಸರ್ಬಿಯಾ, ಕೊಸೊವೊ ನಡುವಿನ ಕರೆಂಟ್ ಜಗಳದಿಂದ ಯುರೋಪಿನ ಎಷ್ಟೋ ದೇಶಗಳಲ್ಲಿ ಇಂಥ ಗಡಿಯಾರಗಳು ಸುಮಾರು ಆರು ನಿಮಿಷ ಹಿಂದೆ ಬಿದ್ದಿದ್ದವು.

ನಮ್ಮ ಕಥೆ ಇನ್ನೂ ಚೆನ್ನಾಗಿದೆ. 2013ರ ಕೊನೆಯವರೆಗೆ ದಕ್ಷಿಣದ ಗ್ರಿಡ್ ಬೇರೆ, ಉಳಿದ ದೇಶದ ಗ್ರಿಡ್ ಬೇರೆ. ಎರಡರ ಫ್ರೀಕ್ವೆನ್ಸಿ ಒಂದೇ ಅಲ್ಲ, ಹಾಗಾಗಿ ನೇರ ಜೋಡಿಸುವಂತಿರಲಿಲ್ಲ. ನಡುವೆ ಎಸಿಯನ್ನು ಡಿಸಿ ಮಾಡಿ ಮತ್ತೆ ಎಸಿ ಮಾಡಿ ದಾಟಿಸುತ್ತಿದ್ದರು. 2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟಿನ ರಾಯಚೂರು–ಸೊಲ್ಲಾಪುರ ಲೈನು ಎರಡನ್ನೂ ಒಂದು ಮಾಡಿತು. ಗಡಿ ಜಗಳ ಏನೇ ಇರಲಿ, ಅಂದಿನಿಂದ ಬೆಳಗಾವಿಗೂ ಪುಣೆಗೂ ಒಂದೇ ಫ್ರೀಕ್ವೆನ್ಸಿಯ ಕರೆಂಟು.

ಯಕ್ಷಗಾನವನ್ನು ಎರಡು ಕ್ಯಾಮೆರಾ, ಒಂದು ಬೇರೆ ರೆಕಾರ್ಡರಿನಲ್ಲಿ ಹಿಡಿದೆವು. ಶುರುವಿನಲ್ಲಿ ಹೊಂದಿಸಿದರೆ ಕೊನೆಯಲ್ಲಿ ಚೆಂಡೆ ಪೆಟ್ಟು ತಪ್ಪುತ್ತದೆ.

ಮತ್ತೆ ಬೆಳೆಯುವ ಜಾತಿ. ಒಂದು ಹರಳು ಹತ್ತು ಲಕ್ಷಕ್ಕೆ 20 ಮುಂದೆ, ಇನ್ನೊಂದು 20 ಹಿಂದೆ ಆದರೆ ಗಂಟೆಗೆ 144 ಮಿಲಿಸೆಕೆಂಡ್. ಮೂರು ಗಂಟೆಯ ಆಟಕ್ಕೆ 0.4 ಸೆಕೆಂಡ್ ದಾಟಿತು. ಕೋಲು ಚರ್ಮಕ್ಕೆ ಬಡಿಯುವುದು ಒಂದು ಹೊತ್ತು, ಶಬ್ದ ಇನ್ನೊಂದು ಹೊತ್ತು.

ಮಾಡಬೇಕಾದ್ದು ಇಷ್ಟು. ಶುರುವಿನಲ್ಲಿ ಒಂದು ಚೆಂಡೆ ಪೆಟ್ಟು, ಕೊನೆಯಲ್ಲಿ ಒಂದು ಪೆಟ್ಟು ಗುರುತಿಸಿ, ಎರಡೂ ಹೊಂದುವ ಹಾಗೆ ರೆಕಾರ್ಡರಿನ ಸೌಂಡನ್ನು ಎಳೆಯಿರಿ ಅಥವಾ ಕುಗ್ಗಿಸಿ. ಚೆಂಡೆಯ ಪೆಟ್ಟು ವೇವ್‌ಫಾರಂನಲ್ಲಿ ಸೂಜಿಯ ಹಾಗೆ ಎದ್ದು ಕಾಣುತ್ತದೆ, ಬೇರೆ ಕ್ಲ್ಯಾಪ್‌ಬೋರ್ಡ್ ಬೇಡ. ಎಳೆಯುವುದು ಬೇಡ ಅನ್ನುವವರು ಪ್ರವೇಶ ಪ್ರವೇಶಕ್ಕೆ ತುಂಡು ಮಾಡಿ ಪ್ರತಿ ತುಂಡನ್ನೂ ಬೇರೆಯಾಗಿ ಹೊಂದಿಸಿ, ನನಗೆ ಇದೇ ಇಷ್ಟ. ಫೋನಿನಲ್ಲಿ ಹಿಡಿದ ವಿಡಿಯೋ ಇದ್ದರೆ ಅದರ ಫ್ರೇಮ್ ರೇಟ್ ಓಡಾಡುತ್ತಿರುತ್ತದೆ. ಮೊದಲು ಹ್ಯಾಂಡ್‌ಬ್ರೇಕ್‌ನಂಥ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್ ರೇಟಿಗೆ ಬದಲಿಸಿ, ಆಮೇಲೆ ಎಡಿಟಿಂಗಿಗೆ ಕೂರಿ. ರೆಕಾರ್ಡರ್, ಕ್ಯಾಮೆರಾ ಎಲ್ಲದರಲ್ಲೂ ಸೌಂಡಿನ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇಡಿ.

ಟೈಮ್‌ಕೋಡ್ (ರೆಕಾರ್ಡಿಂಗಿನ ಮೇಲೆ ಬರೆಯುವ ಹೊತ್ತಿನ ಗುರುತು) ಹಾಕಿದರೆ ಎಲ್ಲ ಸರಿಯಾಗುತ್ತದೆ ಅನ್ನುವ ನಂಬಿಕೆ ಇದೆ. ಟೈಮ್‌ಕೋಡ್ ಬರೀ ಚೀಟಿ. ಫೈಲನ್ನು ಎಲ್ಲಿ ಇಡಬೇಕು ಅಂತ ಹೇಳುತ್ತದೆ, ಹರಳಿನ ವೇಗ ಬದಲಿಸುವುದಿಲ್ಲ. ಒಂದೇ ಗಡಿಯಾರದಲ್ಲಿ ಎಲ್ಲ ಓಡಬೇಕಾದರೆ ಹೊರಗಿನ ಒಂದೇ ಗಡಿಯಾರದ ಸಿಗ್ನಲ್ ಎಲ್ಲದಕ್ಕೂ ಕೊಡಬೇಕು, ಕ್ಯಾಮೆರಾಗೆ ಜೆನ್‌ಲಾಕ್, ರೆಕಾರ್ಡರಿಗೆ ವರ್ಡ್ ಕ್ಲಾಕ್ ಬೇಕು. ಅದು ಸ್ಟುಡಿಯೋದವರ ಖರ್ಚು.

ಇನ್ನೊಂದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕ್ಯಾಮೆರಾ ಸಭಾಗೃಹದ ಹಿಂದೆ 20 ಮೀಟರ್ ದೂರ ಇದ್ದರೆ ಅದರ ಮೈಕಿಗೆ ಶಬ್ದ ಬರುವುದು 58 ಮಿಲಿಸೆಕೆಂಡ್ ತಡವಾಗಿ. ರಂಗದ ಮೇಲಿನ ರೆಕಾರ್ಡರನ್ನು ಈ ಮೈಕಿನ ಸೌಂಡಿಗೆ ಹೊಂದಿಸಿದರೆ ಆ ತಡ ವಿಡಿಯೋಕ್ಕೂ ಬರುತ್ತದೆ. ಹೊಂದಿಸಿದ ಮೇಲೆ ಸೌಂಡನ್ನು ಒಂದೂವರೆ ಫ್ರೇಮ್ ಮುಂಚೆ ಬರುವ ಹಾಗೆ ಸರಿಸಿ, 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್.

ಸಬ್‌ಟೈಟಲ್ ಮೊದಲು ಸರಿ ಇರುತ್ತದೆ, ಇಂಟರ್ವಲ್ ಹೊತ್ತಿಗೆ ಎರಡು ನಿಮಿಷ ತಪ್ಪುತ್ತದೆ.

ಸಬ್‌ಟೈಟಲ್ 25 ಫ್ರೇಮಿನ ಪ್ರತಿಗೆ ಮಾಡಿದ್ದು, ನಿಮ್ಮ ಫೈಲು 23.976ರದ್ದು, ಅಥವಾ ಉಲ್ಟಾ. ವ್ಯತ್ಯಾಸ ನೂರಕ್ಕೆ 4.3, ಗಂಟೆಗೆ ಎರಡೂವರೆ ನಿಮಿಷ. ವಿಎಲ್‌ಸಿಯಲ್ಲಿ ಜಿ, ಎಚ್ ಕೀಗಳು ಸಬ್‌ಟೈಟಲನ್ನು ಹಿಂದೆ ಮುಂದೆ ಜರುಗಿಸುತ್ತವೆ, ಜೆ, ಕೆ ಕೀಗಳು ಸೌಂಡನ್ನು. ಒಂದೇ ಸಮ ಅಂತರಕ್ಕೆ ಅವು ಸಾಕು. ಇದು ಬೆಳೆಯುವ ಜಾತಿ, ಇದಕ್ಕೆ ಸಬ್‌ಟೈಟಲ್ ಎಡಿಟರಿನಲ್ಲಿ ಫ್ರೇಮ್ ರೇಟ್ ಬದಲಿಸಬೇಕು.

ವಿಡಿಯೋ ಕಾಲಿನಲ್ಲಿ ಎಲ್ಲ ಸೇರಿ ಭಜನೆ ಹಾಡಿದರೆ ಸಂತೆ ಆಗುತ್ತದೆ. ನೆಟ್ ಸ್ಪೀಡ್ ಜಾಸ್ತಿ ಮಾಡಿಸಲಾ?

ದುಡ್ಡು ಹಾಳು. ಮುಂಬಯಿಯಿಂದ ಉಡುಪಿಗೆ ಫೈಬರ್ ಸಾವಿರ ಕಿಲೋಮೀಟರ್ ಅಂತಿಟ್ಟುಕೊಂಡರೂ ಬೆಳಕು 5 ಮಿಲಿಸೆಕೆಂಡಿನಲ್ಲಿ ತಲುಪುತ್ತದೆ. ಉಳಿದ ಹೊತ್ತು ತಿನ್ನುವುದು ಎರಡೂ ತುದಿ. ಸೌಂಡನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡು ಮಾಡಿ ಕಳಿಸುತ್ತಾರೆ, ಪ್ಯಾಕೆಟ್ಟುಗಳು ಹಿಂದೆ ಮುಂದೆ ಬರುವುದರಿಂದ ಆಚೆ ಕಡೆ ಸ್ವಲ್ಪ ಕೂಡಿಟ್ಟುಕೊಳ್ಳುತ್ತಾರೆ, ಅದರ ಮೇಲೆ ಯಾರೋ ಬ್ಲೂಟೂತ್ ಹಾಕಿರುತ್ತಾರೆ. ಮಾತಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್ ತಡ ಇದ್ದರೂ ಆರಾಮ. ತಾಳಕ್ಕೆ ಅದು ನಡೆಯುವುದಿಲ್ಲ, 25–30 ದಾಟಿದರೆ ಹಾಡುವವರು ಒಬ್ಬರನ್ನೊಬ್ಬರು ಕಾಯುತ್ತಾ ಲಯ ಎಳೆದುಬಿಡುತ್ತಾರೆ.

ಒಬ್ಬರು ಹೇಳಿಕೊಡಲಿ, ಉಳಿದವರು ಮ್ಯೂಟ್ ಮಾಡಿ ಮನೆಯಲ್ಲೇ ಹಾಡಲಿ. ದೇವರಿಗೆ ಕೇಳಿಸುತ್ತದೆ. ಒಟ್ಟಿಗೆ ಕೇಳಲೇಬೇಕು ಅಂದರೆ ಒಂದೇ ಶ್ರುತಿ, ತಾಳದ ಟ್ರ್ಯಾಕನ್ನು ತಂತಿ ಇಯರ್‌ಫೋನಿನಲ್ಲಿ ಕೇಳುತ್ತಾ ಎಲ್ಲರೂ ಬೇರೆ ಬೇರೆ ರೆಕಾರ್ಡ್ ಮಾಡಿ, ಆಮೇಲೆ ಸೇರಿಸಿ.

ಎರಡು ಬ್ರ್ಯಾಂಡಿನ ಸ್ಪೀಕರ್ ಒಟ್ಟಿಗೆ ಹಾಕಿದರೆ ಪ್ರತಿಧ್ವನಿ. ಗಣಪತಿ ಪೆಂಡಾಲಿನಲ್ಲೂ ಹಾಗೇ ಕೇಳುತ್ತದೆ.

ಎರಡು ಶಬ್ದದ ನಡುವೆ 30–40 ಮಿಲಿಸೆಕೆಂಡಿನೊಳಗೆ ಇದ್ದರೆ ಕಿವಿಗೆ ಒಂದೇ ಶಬ್ದ, ದಾಟಿದರೆ ಎರಡು. ಬೇರೆ ಬೇರೆ ಬ್ರ್ಯಾಂಡಿನ ಬ್ಲೂಟೂತ್ ತಡ ಬೇರೆ ಬೇರೆ, ಹೊಂದಿಸುವ ದಾರಿ ಇಲ್ಲ. ಜೋಡಿಯಾಗಿ ಕೆಲಸ ಮಾಡುವ ಒಂದೇ ಮಾಡೆಲ್ ತೆಗೆದುಕೊಳ್ಳಿ. ಪೆಂಡಾಲಿನ ಕಥೆ ಗಾಳಿಯದ್ದು. ಸಾಲಿನಲ್ಲಿ 34 ಮೀಟರ್ ಮುಂದಿನ ಸ್ಪೀಕರಿನ ಶಬ್ದ 100 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ಪಕ್ಕದ ಸ್ಪೀಕರಿನದ್ದು ಆಗಲೇ ಕೇಳಿ ಆಗಿರುತ್ತದೆ. ವೇದಿಕೆಯಿಂದ ದೂರ ಇರುವ ಸ್ಪೀಕರುಗಳಿಗೆ ಆ ಲೆಕ್ಕದ ಡಿಲೇ ಹಾಕಿದರೆ ಆರತಿಯ ಮಾತು ಅರ್ಥವಾಗುತ್ತದೆ.

ಆಥೆಂಟಿಕೇಟರ್ ಆ್ಯಪಿನ ಆರಂಕಿ ಕೋಡ್ ತಪ್ಪು ಅಂತ ಬರುತ್ತದೆ. ಸರಿಯಾಗೇ ಹೊಡೆದಿದ್ದೇನೆ.

ಫೋನಿನ ಟೈಮ್ ನೋಡಿ. ಆ ಕೋಡ್ ಎಲ್ಲಿಂದಲೂ ಬರುವುದಿಲ್ಲ, ಗುಟ್ಟಿನ ಕೀ ಮತ್ತು ಈಗಿನ ಸಮಯ ಸೇರಿಸಿ ಫೋನೇ ಲೆಕ್ಕ ಹಾಕುತ್ತದೆ, 30 ಸೆಕೆಂಡಿಗೊಂದು ಹೊಸದು. ಸರ್ವರ್ ಸಾಮಾನ್ಯವಾಗಿ ಹಿಂದಿನ ಮುಂದಿನ ಒಂದು ಕೋಡನ್ನೂ ಒಪ್ಪುತ್ತದೆ. ಬಸ್ ತಪ್ಪಬಾರದು ಅಂತ ಫೋನಿನ ಟೈಮನ್ನು ಐದು ನಿಮಿಷ ಮುಂದೆ ಇಡುವವರಿದ್ದಾರೆ, ಅವರಿಗೆ ಈ ತೊಂದರೆ ಗ್ಯಾರಂಟಿ. ಆಟೋಮ್ಯಾಟಿಕ್ ಟೈಮ್ ಆನ್ ಮಾಡಿ. ಹಳೆ ಕಂಪ್ಯೂಟರಿನಲ್ಲಿ ಯಾವ ಸೈಟ್ ತೆರೆದರೂ ಸುರಕ್ಷಿತ ಅಲ್ಲ ಅಂತ ಬಂದರೂ ಇದೇ ಕಾರಣ ಇರಬಹುದು. ಒಳಗಿನ ಬಟನ್ ಸೆಲ್ ಸತ್ತು ದಿನಾಂಕ ಹಿಂದೆ ಹೋಗಿರುತ್ತದೆ, ಸೈಟಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಮೊಬೈಲ್ ಟವರಿಗೂ ಗಡಿಯಾರ ಬೇಕಾ?

ನಮಗಿಂತ ಜಾಸ್ತಿ ಬೇಕು. ಹಳೆಯ ಜಿಎಸ್‌ಎಂ, ಅಂದರೆ 2ಜಿ ಫೋನುಗಳ ವ್ಯವಸ್ಥೆಯಲ್ಲಿ ಎಂಟು ಫೋನು ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿಯಂತೆ ಮಾತಾಡುತ್ತವೆ. ದೂರದ ಫೋನು ತನ್ನ ಸರದಿಗಿಂತ ಸ್ವಲ್ಪ ಮುಂಚೆ ಕಳಿಸಬೇಕು, ಎಷ್ಟು ಮುಂಚೆ ಅಂತ ಟವರ್ ಹೇಳುತ್ತದೆ. ಆ ಲೆಕ್ಕ 63 ಮೆಟ್ಟಿಲಿಗೆ ಮುಗಿಯುತ್ತದೆ, ಒಂದು ಮೆಟ್ಟಿಲು ಸುಮಾರು 550 ಮೀಟರ್. ಹಾಗಾಗಿ ಸಮುದ್ರದಲ್ಲಿ 35 ಕಿಲೋಮೀಟರ್ ಆಚೆ ಸಿಗ್ನಲ್ ಚೆನ್ನಾಗಿ ಕಂಡರೂ ಮಾಮೂಲಿ ಸೆಲ್ಲಿನಲ್ಲಿ ಕಾಲ್ ಹತ್ತುವುದಿಲ್ಲ.

5ಜಿಯ 3.3 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಕಳಿಸುವುದೂ ಪಡೆಯುವುದೂ ಒಂದೇ ಫ್ರೀಕ್ವೆನ್ಸಿಯಲ್ಲಿ, ಹೊತ್ತು ಹಂಚಿಕೊಂಡು. ಪಕ್ಕದ ಟವರುಗಳ ನಡುವೆ 3 ಮೈಕ್ರೋಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇರುವಂತಿಲ್ಲ, ಇದ್ದರೆ ಒಂದು ಕಿರುಚುವಾಗ ಇನ್ನೊಂದು ಕೇಳಿಸಿಕೊಳ್ಳಲು ಕೂತಿರುತ್ತದೆ. ಈ ಸಮಯ ಅವುಗಳಿಗೆ ಜಿಪಿಎಸ್ಸಿನಿಂದ ಅಥವಾ ಫೈಬರಿನಲ್ಲಿ ಬರುವ ಪಿಟಿಪಿಯಿಂದ (ನೆಟ್‌ವರ್ಕಿನ ಮೂಲಕ ಕರಾರುವಾಕ್ಕು ಸಮಯ ಕಳಿಸುವ ಪದ್ಧತಿ) ಸಿಗುತ್ತದೆ.

ಸರಿಯಾದ ಟೈಮ್ ಅಂದರೆ ಕೊನೆಗೆ ಯಾರದ್ದು?

ಭಾರತಕ್ಕೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು, ಅಲ್ಲಿನ ಪರಮಾಣು ಗಡಿಯಾರಗಳು ಐಎಸ್‌ಟಿ, ಅಂದರೆ ಭಾರತೀಯ ಕಾಲಮಾನ ಕೊಡುತ್ತವೆ. ಬೊಂಬಾಯಿ ಇದನ್ನು ಸುಲಭಕ್ಕೆ ಒಪ್ಪಲಿಲ್ಲ. 1906ರಲ್ಲಿ ಐಎಸ್‌ಟಿ ಬಂದ ಮೇಲೂ ದಶಕಗಟ್ಟಲೆ 39 ನಿಮಿಷ ಹಿಂದಿನ ಬಾಂಬೆ ಟೈಮನ್ನು ಬಿಡಲಿಲ್ಲ. ಈಗಲೂ ಇಲ್ಲಿನ ಕೆಲವು ಸಮಾರಂಭಗಳು ಅದೇ ಟೈಮಿನಲ್ಲಿ ಶುರುವಾಗುತ್ತವೆ ಅನ್ನುವುದು ನನ್ನ ಅನುಮಾನ.

ಕಾರಿನ ರಿಮೋಟ್ ಒಮ್ಮೆಲೇ ಕೆಲಸ ನಿಲ್ಲಿಸಿತು. ಸೆಲ್ ಹೊಸದು.

ಮಗು ಮನೆಯಲ್ಲಿ ರಿಮೋಟ್ ಒತ್ತುತ್ತಾ ಆಟ ಆಡಿತಾ? ಪ್ರತಿ ಒತ್ತಿಗೆ ಕೋಡ್ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾರು ಮುಂದಿನ ಕೆಲವು ಕೋಡುಗಳನ್ನು ಮಾತ್ರ ಒಪ್ಪುತ್ತದೆ, ಅದಕ್ಕಿಂತ ಮುಂದೆ ಹೋದರೆ ಗುರುತು ಹಿಡಿಯುವುದಿಲ್ಲ. ಕಾರಿನ ಹತ್ತಿರ ನಿಂತು ಎರಡು ಮೂರು ಸಲ ಒತ್ತಿ, ಎಷ್ಟೋ ಮಾಡೆಲ್‌ಗಳಲ್ಲಿ ಅಷ್ಟಕ್ಕೇ ಮತ್ತೆ ಹೊಂದುತ್ತದೆ. ಇಲ್ಲದಿದ್ದರೆ ಕಾರಿನ ಪುಸ್ತಕದಲ್ಲಿ ಕ್ರಮ ಇರುತ್ತದೆ.

ಫೋಟೊ, ಕಾಂಟ್ಯಾಕ್ಟ್ ಸಿಂಕ್ ಆಗುತ್ತಿಲ್ಲ.

ಅದು ಬೇರೆ ವಿಷಯ. ಸ್ಟೋರೇಜ್ ತುಂಬಿದೆಯಾ ನೋಡಿ.

ದುಬಾರಿ ಎಚ್‌ಡಿಎಂಐ ಕೇಬಲ್ ಹಾಕಿದರೆ ಲಿಪ್ ಸಿಂಕ್ ಸರಿಯಾಗುತ್ತದಾ?

ಇಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಯಾರು ಏನೇ ಹೇಳಲಿ, ಕೇಬಲ್ಲಿನಲ್ಲಿ ಆಗುವ ತಡ ನ್ಯಾನೋಸೆಕೆಂಡಿನ ಲೆಕ್ಕದ್ದು. ಕೆಟ್ಟ ಕೇಬಲ್ಲಿನಿಂದ ಚಿತ್ರ ಹೋಗಿ ಬಂದು ಮಾಡಬಹುದು, ಚುಕ್ಕಿ ಬರಬಹುದು, ಮಾತು ತುಟಿಯಿಂದ ದೂರ ಹೋಗುವುದಿಲ್ಲ.

ರಿಪೇರಿಯವರನ್ನು ಯಾವಾಗ ಕರೆಯಲಿ?

ಬೇರೆ ಚಾನೆಲ್, ಬೇರೆ ಆ್ಯಪ್, ಬೇರೆ ಕೇಬಲ್, ಟೀವಿಯದೇ ಸ್ಪೀಕರ್, ಈ ನಾಲ್ಕನ್ನೂ ಬದಲಿಸಿ ನೋಡಿದ ಮೇಲೂ ಹೋಗದಿದ್ದರೆ. ಕರೆಯುವಾಗ "ಸೌಂಡ್ ಸರಿಯಿಲ್ಲ" ಅಂತ ಹೇಳಬೇಡಿ, ಅವರು ಸ್ಪೀಕರ್ ಬಿಚ್ಚುತ್ತಾರೆ. ಸೌಂಡ್ ಮುಂದೆಯೋ ಹಿಂದೆಯೋ, ಅಂತರ ಒಂದೇ ಸಮವೋ ಬೆಳೆಯುತ್ತದೋ, ಯಾವ ಕನೆಕ್ಷನ್ನಿನಲ್ಲಿ ಮಾತ್ರ ಆಗುತ್ತದೆ ಅಂತ ಹೇಳಿ. ಫೋನಿನಲ್ಲಿ ಒಂದು ನಿಮಿಷ ವಿಡಿಯೋ ಹಿಡಿದಿಟ್ಟುಕೊಳ್ಳಿ, ಸೋಫಾದಿಂದ ಅಲ್ಲ, ಟೀವಿಯ ಹತ್ತಿರ ನಿಂತು.